ಮನೆಗೊಂದು ನೊರೆಯ ಕಂಬಳಿ

ಚಳಿಗಾಲದ ರಾತ್ರಿ ಕಂಬಳಿಯನ್ನು ಹೊದೆದು ಮಲಗಿದವನಿಗೆ ಮೈ ಬೆಚ್ಚಗಾಗುತ್ತದೆ. ಈ ಶಾಖ ಎಲ್ಲಿಂದ ಬಂದಿತು? ಕಂಬಳಿಯಿಂದ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಕಂಬಳಿಯಲ್ಲಿ ಒಲೆಯೂ ಇಲ್ಲ, ಕೆಂಡವೂ ಇಲ್ಲ. ಅದೇ ಕಂಬಳಿಯಲ್ಲಿ ಮಂಜುಗಡ್ಡೆಯ ತುಂಡೊಂದನ್ನು ಸುತ್ತಿಟ್ಟರೆ ಅದು ಬೇಗನೆ ಕರಗದೆ ಉಳಿಯುವುದು. ಕಂಬಳಿಗೆ ಶಾಖವನ್ನು ಕೊಡುವ ಗುಣವಿದ್ದಿದ್ದರೆ ಮಂಜುಗಡ್ಡೆ ಇನ್ನೂ ಬೇಗ ಕರಗಬೇಕಾಗಿತ್ತಲ್ಲವೆ? ಕಂಬಳಿ ಮಾಡುವ ಕೆಲಸ ಒಂದೇ: ಶಾಖದ ಸಂಚಾರವನ್ನು ತಡೆಯುವುದು. ಈ ಕೆಲಸವನ್ನು ಅದರ ಉಣ್ಣೆಗಿಂತಲೂ ಹೆಚ್ಚಾಗಿ ಮಾಡುವುದು ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡಿರುವ ಗಾಳಿ.

ಅಲುಗಾಡದೆ ನಿಂತ ಗಾಳಿ ಶಾಖವನ್ನು ಸಾಗಿಸುವುದರಲ್ಲಿ ಬಹು ಸೋಮಾರಿ. ಅದರ ಉಷ್ಣವಾಹಕತೆ ಮೀಟರು-ಡಿಗ್ರಿಗೆ ಸುಮಾರು 0.026 ವಾಟ್, ಮೃದುವಾದ ಮರದ್ದು ಸುಮಾರು 0.12. ಎಂದರೆ ಮರಕ್ಕಿಂತ ಗಾಳಿ ನಾಲ್ಕು ಪಟ್ಟಿಗೂ ಮಿಗಿಲಾಗಿ ಶಾಖವನ್ನು ತಡೆಯಬಲ್ಲುದು. ಆದರೆ ಗಾಳಿಯನ್ನು ಅದರ ಪಾಡಿಗೆ ಬಿಟ್ಟರೆ ಬಿಸಿಯಾದ ಭಾಗ ಮೇಲೇರಿ, ತಣಿದ ಭಾಗ ಕೆಳಗಿಳಿದು, ಸಂವಹನದಿಂದ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಆದುದರಿಂದ ಗಾಳಿಯನ್ನು ಚಿಕ್ಕ ಚಿಕ್ಕ ಕೋಣೆಗಳಲ್ಲಿ ಸೆರೆಹಿಡಿಯಬೇಕು. ಶಾಖನಿರೋಧಕ ವಸ್ತುಗಳೆಲ್ಲದರ ಗುಟ್ಟು ಇಷ್ಟೆ.

ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡ ಮುಂತಾದ ದೇಶಗಳಲ್ಲಿ ಬಹುಪಾಲು ಮನೆಗಳು ಮರದ ಚೌಕಟ್ಟಿನವು. ಸಾಲಾಗಿ ನಿಲ್ಲಿಸಿದ ಮರದ ಕಂಬಗಳಿಗೆ ಹೊರಗಡೆ ಪ್ಲೈವುಡ್ಡಿನಂತಹ ಹಲಗೆಯನ್ನೂ ಒಳಗಡೆ ಜಿಪ್ಸಮ್ ಹಲಗೆಯನ್ನೂ ಬಡಿದರೆ ಗೋಡೆ ಸಿದ್ಧವಾಯಿತು. ನಡುವೆ ಉಳಿಯುವ ಟೊಳ್ಳಿನಲ್ಲಿ ಶಾಖನಿರೋಧಕವನ್ನು ತುಂಬುತ್ತಾರೆ. ಗಾಜಿನ ನೂಲಿನ ಹಾಸು, ಕಾಗದದ ಚೂರು ಮೊದಲಾದುವುಗಳ ಜೊತೆಗೆ ಈಚಿನ ದಶಕಗಳಲ್ಲಿ ಬಳಕೆಗೆ ಬಂದಿರುವುದು ಸ್ಪ್ರೇ ಫೋಮ್, ಎಂದರೆ ಸ್ಥಳದಲ್ಲಿಯೇ ಸಿಂಪಡಿಸುವ ನೊರೆ. ಕ್ಷಣಮಾತ್ರದಲ್ಲಿ ಉಬ್ಬಿ, ಸಂದುಗೊಂದುಗಳನ್ನೆಲ್ಲ ಮುಚ್ಚಿ, ಗಟ್ಟಿಯಾಗಿ ಅಂಟಿಕೊಂಡುಬಿಡುವ ಈ ನೊರೆಯಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮನೆಗೆ ಯಾವುದು ತಕ್ಕದ್ದು? ಒಮ್ಮೆ ಅಂಟಿದ ನೊರೆಯನ್ನು ಕೆರೆದು ತೆಗೆಯುವುದು ಬಹಳ ಕಷ್ಟ. ಆದುದರಿಂದ ಈ ಪ್ರಶ್ನೆಯನ್ನು ಸಿಂಪಡಿಸುವುದಕ್ಕೆ ಮೊದಲೇ ಬಿಡಿಸಿಕೊಳ್ಳಬೇಕು.

ನೊರೆಯ ಹುಟ್ಟು

ಈ ನೊರೆಯ ಮೂಲವಸ್ತು ಪಾಲಿಯುರಿಥೇನ್. ಜರ್ಮನಿಯ ಲೆವರ್‌ಕುಸೆನ್ನಿನಲ್ಲಿ 1937ರಲ್ಲಿ ಆಟೋ ಬೇಯರ್ ಎಂಬ ರಸಾಯನ ವಿಜ್ಞಾನಿ ತನ್ನ ಸಹೋದ್ಯೋಗಿಗಳೊಡನೆ ಇದನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದನು. ಐಸೊಸಯನೇಟ್ ಎಂಬ ದ್ರವವೂ ಪಾಲಿಯಾಲ್ ಎಂಬ ದ್ರವವೂ ಸೇರಿದಾಗ ಅವುಗಳ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದನೆಯ ಬಲೆಯಾಗುತ್ತವೆ. ಮನೆಗೆ ಬರುವ ಕೆಲಸಗಾರ ಈ ಎರಡು ದ್ರವಗಳನ್ನು ಬೇರೆ ಬೇರೆ ಪೀಪಾಯಿಗಳಲ್ಲಿ ತರುತ್ತಾನೆ. ಅವುಗಳನ್ನು ಬಿಸಿಮಾಡಿ, ಒತ್ತಡದಿಂದ ಕೊಳವೆಗಳಲ್ಲಿ ಹಾಯಿಸಿ, ಸಿಂಪಡಿಸುವ ಮೂತಿಯಲ್ಲಿ ಸಮಪ್ರಮಾಣದಲ್ಲಿ ಬೆರೆಸುತ್ತಾನೆ. ಹೀಗೆ ಬೆರೆತ ಮಿಶ್ರಣ ಗೋಡೆಯನ್ನು ಮುಟ್ಟಿದ ಕೆಲವೇ ಸೆಕೆಂಡುಗಳಲ್ಲಿ ಉಬ್ಬತೊಡಗುತ್ತದೆ.

ಉಬ್ಬಿಸುವುದು ಯಾವುದು? ಒಂದು ಬಗೆಯ ನೊರೆಯಲ್ಲಿ ಪಾಲಿಯಾಲಿನ ಜೊತೆಗೆ ನೀರನ್ನು ಸೇರಿಸಿರುತ್ತಾರೆ. ನೀರು ಐಸೊಸಯನೇಟಿನೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುತ್ತದೆ. ನಮ್ಮ ಇಡ್ಲಿಯ ಹಿಟ್ಟು ರಾತ್ರಿಯೆಲ್ಲ ಹುದುಗಿ ಉಬ್ಬುವುದೂ ಇದೇ ಅನಿಲದಿಂದಲೇ. ಅಲ್ಲಿ ಸೂಕ್ಷ್ಮಜೀವಿಗಳು ಮಾಡುವ ಕೆಲಸವನ್ನು ಇಲ್ಲಿ ರಾಸಾಯನಿಕ ಕ್ರಿಯೆಯೊಂದು ಕ್ಷಣದಲ್ಲಿ ಮಾಡಿ ಮುಗಿಸುವುದು. ಉಬ್ಬುವಾಗ ಗುಳ್ಳೆಗಳ ಗೋಡೆಗಳು ಒಡೆದು ಒಂದು ಕೋಶದಿಂದ ಇನ್ನೊಂದಕ್ಕೆ ದಾರಿಯಾಗುತ್ತದೆ. ಇದು ತೆರೆದ ಕೋಶದ ನೊರೆ. ಇಡ್ಲಿಯೂ ಹೀಗೆಯೇ, ಅದರ ಕೋಶಗಳು ತೆರೆದಿರುವುದರಿಂದಲೇ ಸಾರಿನಲ್ಲಿ ಹಾಕಿದ ಇಡ್ಲಿ ಸಾರನ್ನು ಹೀರಿಕೊಳ್ಳುವುದು.

ಎರಡನೆಯ ಬಗೆಯಲ್ಲಿ ಸುಲಭವಾಗಿ ಆವಿಯಾಗುವ ದ್ರವವೊಂದನ್ನು ಬೆರೆಸಿರುತ್ತಾರೆ. ರಾಸಾಯನಿಕ ಕ್ರಿಯೆಯ ಬಿಸಿಯಿಂದ ಆ ದ್ರವ ಅನಿಲವಾಗಿ ಗುಳ್ಳೆಗಳನ್ನು ಉಬ್ಬಿಸುವುದು. ಇಲ್ಲಿ ಬಹುಪಾಲು ಗುಳ್ಳೆಗಳು ಒಡೆಯುವುದಿಲ್ಲ. ಪ್ರತಿಯೊಂದೂ ಬಾಗಿಲಿಲ್ಲದ ಕೋಣೆಯಾಗಿ ಉಳಿದು ಅನಿಲವನ್ನು ಸೆರೆಹಿಡಿಯುತ್ತದೆ. ಇದು ಮುಚ್ಚಿದ ಕೋಶದ ನೊರೆ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ನೋಡಬಹುದು. ಹಾಸಿಗೆಯ ಸ್ಪಂಜಿನ ತುಂಡೊಂದನ್ನೂ ಥರ್ಮಕೋಲಿನ ತುಂಡೊಂದನ್ನೂ ನೀರಿನಲ್ಲಿ ಅದುಮಿ ಬಿಟ್ಟು, ಹೊರತೆಗೆದು ತೂಗಿರಿ. ಸ್ಪಂಜು ನೀರು ಕುಡಿದು ಭಾರವಾಗಿರುತ್ತದೆ. ಥರ್ಮಕೋಲಿನ ತೂಕ ಹೆಚ್ಚುಕಡಮೆ ಮೊದಲಿನಷ್ಟೇ ಇರುತ್ತದೆ. ಮೊದಲನೆಯದು ತೆರೆದ ಕೋಶ, ಎರಡನೆಯದು ಮುಚ್ಚಿದ ಕೋಶ.

ಅಂಕಿಗಳು ಹೇಳುವುದೇನು?

ತೆರೆದ ಕೋಶದ ನೊರೆ ಘನಮೀಟರಿಗೆ ಸುಮಾರು 8 ಕಿಲೋಗ್ರಾಂ ತೂಗುತ್ತದೆ. ಮುಚ್ಚಿದ ಕೋಶದ್ದು ಸುಮಾರು 32 ಕಿಲೋಗ್ರಾಂ. ಎಂದರೆ ಒಂದೇ ಗಾತ್ರದ ಟೊಳ್ಳನ್ನು ತುಂಬಲು ಎರಡನೆಯದಕ್ಕೆ ನಾಲ್ಕು ಪಟ್ಟು ಸಾಮಗ್ರಿ ಬೇಕು. ಅದರ ಬೆಲೆ ಹೆಚ್ಚಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಗಾತ್ರದ ನೂರು ಭಾಗಗಳಲ್ಲಿ ಪ್ಲಾಸ್ಟಿಕ್ಕಿನ ಪಾಲು ಮೊದಲನೆಯದರಲ್ಲಿ ಒಂದಕ್ಕೂ ಕಡಮೆ, ಎರಡನೆಯದರಲ್ಲಿ ಸುಮಾರು ಮೂರು, ಉಳಿದುದೆಲ್ಲ ಅನಿಲವೇ. ಮೊದಲನೆಯದು ಮೆತ್ತಗಿರುವುದು, ಶಬ್ದವನ್ನು ಚೆನ್ನಾಗಿ ಹೀರುವುದು. ಎರಡನೆಯದು ಗಡುಸಾಗಿದ್ದು ಗೋಡೆಗೆ ಬಲವನ್ನೂ ಕೊಡುತ್ತದೆ.

ಶಾಖವನ್ನು ತಡೆಯುವ ಶಕ್ತಿಯನ್ನು ಅಮೆರಿಕದಲ್ಲಿ ಆರ್-ಮೌಲ್ಯವೆಂಬ ಅಂಕಿಯಿಂದ ಸೂಚಿಸುತ್ತಾರೆ. ಅಂಕಿ ದೊಡ್ಡದಾದಷ್ಟೂ ತಡೆ ಹೆಚ್ಚು. ಅಂಗುಲವೊಂದಕ್ಕೆ ತೆರೆದ ಕೋಶದ ನೊರೆಯ ಆರ್-ಮೌಲ್ಯ ಸುಮಾರು 3.5ರಿಂದ 3.8, ಮುಚ್ಚಿದ ಕೋಶದ್ದು ಸುಮಾರು 6ರಿಂದ 7. ಈ ಅಂತರಕ್ಕೆ ಕಾರಣ ಒಳಗಿನ ಅನಿಲ. ತೆರೆದ ಕೋಶಗಳಲ್ಲಿ ಕೊನೆಗೆ ಉಳಿಯುವುದು ಗಾಳಿ; ಮುಚ್ಚಿದ ಕೋಶಗಳಲ್ಲಿರುವ ಅನಿಲದ ಅಣುಗಳು ಭಾರವಾದವು, ಅದರ ಉಷ್ಣವಾಹಕತೆ ಗಾಳಿಯದರ ಅರ್ಧದಷ್ಟು ಅಥವಾ ಅದಕ್ಕೂ ಕಡಮೆ. ವರ್ಷಗಳು ಕಳೆದಂತೆ ಆ ಅನಿಲ ಸ್ವಲ್ಪಸ್ವಲ್ಪವಾಗಿ ಸೋರಿ ಗಾಳಿ ಒಳಸೇರುವುದರಿಂದ ಈ ಮೇಲುಗೈ ಕೊಂಚ ಕುಗ್ಗುವುದಾದರೂ ಪೂರ್ತಿ ಅಳಿದುಹೋಗುವುದಿಲ್ಲ.

ಇಷ್ಟನ್ನು ಕೇಳಿದವರು ಮುಚ್ಚಿದ ಕೋಶದ ನೊರೆಯೇ ಉತ್ತಮವೆಂದು ತೀರ್ಮಾನಿಸುವುದು ಸಹಜ. ಆದರೆ ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡೋಣ. ಅಮೆರಿಕದ ಉತ್ತರ ಭಾಗದ ಮಿನ್ನೆಸೋಟದಲ್ಲಿ ಒಂದು ಮನೆಯಿದೆಯೆಂದಿಟ್ಟುಕೊಳ್ಳಿ. ಒಳಗೆ 20 ಡಿಗ್ರಿ ಸೆಲ್ಸಿಯಸ್, ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಆ ಪ್ರದೇಶದ ಚಳಿಗಾಲದ ರಾತ್ರಿಗಳಲ್ಲಿ ಇದು ಅಪರೂಪವಲ್ಲ. ಗೋಡೆಯ ಟೊಳ್ಳಿನ ಆಳ 89 ಮಿಲಿಮೀಟರು. ಇದನ್ನು ತೆರೆದ ಕೋಶದ ನೊರೆಯಿಂದ ಪೂರ್ತಿ ತುಂಬಿದರೆ ಚದರಮೀಟರಿಗೆ ಸುಮಾರು 17 ವಾಟ್ ಶಾಖ ಹೊರಹೋಗುತ್ತದೆ. ಮುಚ್ಚಿದ ಕೋಶದ್ದನ್ನು ತುಂಬಿದರೆ ಸುಮಾರು 11 ವಾಟ್. ಶಾಖದ ನಷ್ಟ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಡಮೆಯಾದಂತೆ ತೋರುವುದು.

ಆದರೆ ಗೋಡೆಯೆಲ್ಲ ನೊರೆಯಲ್ಲ. ಅದರ ಸುಮಾರು ಕಾಲು ಭಾಗವನ್ನು ಮರದ ಕಂಬಗಳೂ ಅಡ್ಡಪಟ್ಟಿಗಳೂ ಆಕ್ರಮಿಸಿರುತ್ತವೆ. ಅಷ್ಟೇ ದಪ್ಪದ ಮರದ ಮೂಲಕ ಚದರಮೀಟರಿಗೆ ಸುಮಾರು 54 ವಾಟ್ ಶಾಖ ಸಾಗಿಹೋಗುತ್ತದೆ. ಮುಕ್ಕಾಲು ಪಾಲು ನೊರೆ, ಕಾಲು ಪಾಲು ಮರ ಎಂದು ಸರಾಸರಿಯನ್ನು ತೆಗೆದರೆ ಮೊದಲನೆಯ ಗೋಡೆಯಿಂದ ಸುಮಾರು 26 ವಾಟ್, ಎರಡನೆಯದರಿಂದ ಸುಮಾರು 22 ವಾಟ್ ನಷ್ಟವೆಂದು ಬರುತ್ತದೆ. ಗೋಡೆಯ ಇತರ ಪದರಗಳನ್ನು ಇಲ್ಲಿ ಗಣಿಸಿಲ್ಲ; ಆದರೂ ವಿಷಯ ಸ್ಪಷ್ಟವಾಗಿದೆ. ನಾಲ್ಕು ಪಟ್ಟು ಸಾಮಗ್ರಿಯನ್ನು ತುಂಬಿದ್ದಕ್ಕೆ ದೊರೆತ ಉಳಿತಾಯ ಐದರಲ್ಲಿ ಒಂದು ಪಾಲಿಗೂ ಕಡಮೆ. ಮರದ ಕಂಬಗಳು ಶಾಖಕ್ಕೆ ಸೇತುವೆಗಳಾಗಿ ನಿಂತಿರುವಾಗ ನಡುವಣ ನೊರೆಯ ಹಿರಿಮೆ ಪೂರ್ತಿಯಾಗಿ ಫಲ ಕೊಡಲಾರದು. ಹಾಗಾದರೆ ಆರ್-ಮೌಲ್ಯವೊಂದೇ ಆಯ್ಕೆಯ ಅಳತೆಗೋಲಾಗಲಾರದು. ಮತ್ತೆ ಯಾವುದು?

ನೀರಿನ ದಾರಿ

ನಿಜವಾದ ಅಳತೆಗೋಲು ನೀರು. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಯಾವಾಗಲೂ ಇರುತ್ತದೆ. ಅಡಿಗೆ, ಸ್ನಾನ, ಬಟ್ಟೆ ಒಣಗಿಸುವುದು, ಕೊನೆಗೆ ನಮ್ಮ ಉಸಿರಾಟವೂ ಮನೆಯೊಳಗಿನ ಗಾಳಿಗೆ ನೀರಾವಿಯನ್ನು ಸೇರಿಸುತ್ತಲೇ ಇರುತ್ತವೆ. ಗಾಳಿ ತಣಿದಂತೆ ನೀರಾವಿಯನ್ನು ಹಿಡಿದಿಡುವ ಶಕ್ತಿ ಅದಕ್ಕೆ ಕುಗ್ಗುತ್ತದೆ. ಒಂದು ನಿರ್ದಿಷ್ಟ ಉಷ್ಣತೆಗೆ ಬಂದಾಗ ಆವಿ ಹನಿಯಾಗತೊಡಗುವುದು. ಇದೇ ಇಬ್ಬನಿ ಬಿಂದು. ತಣ್ಣೀರಿನ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. 20 ಡಿಗ್ರಿ ಉಷ್ಣತೆಯೂ 40 ಶೇಕಡ ಸಾಪೇಕ್ಷ ಆರ್ದ್ರತೆಯೂ ಇರುವ ಗಾಳಿಯ ಇಬ್ಬನಿ ಬಿಂದು ಸುಮಾರು 6 ಡಿಗ್ರಿ.

ಈಗ ಮಿನ್ನೆಸೋಟದ ಗೋಡೆಗೆ ಮರಳೋಣ. ಅದರ ಒಳಮೈ 20 ಡಿಗ್ರಿ, ಹೊರಮೈ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ನಡುವೆ ಉಷ್ಣತೆ ಒಂದೇ ಸಮನೆ ಇಳಿಯುತ್ತದೆಂದುಕೊಂಡರೆ, ಒಳಗಿನಿಂದ ಮೂರನೆಯ ಒಂದು ಭಾಗದಷ್ಟು ದಪ್ಪವನ್ನು ದಾಟುವ ಹೊತ್ತಿಗೆ 6 ಡಿಗ್ರಿಯ ಗಡಿ ಬಂದೇಬಿಡುವುದು. ಅದರಾಚೆಗೆ ನೀರಾವಿ ಹೋಯಿತೆಂದರೆ ನೀರಾಗುವ, ಮಂಜಾಗುವ ಸಂಭವವುಂಟು. ತೆರೆದ ಕೋಶದ ನೊರೆ ಗಾಳಿಯ ಓಟವನ್ನು ತಡೆಯುತ್ತದೆ, ಆದರೆ ನೀರಾವಿಗೆ ದಾರಿ ಬಿಡುತ್ತದೆ. ಆವಿ ಅದರ ಮೂಲಕ ನುಸುಳಿ ಹೊರಗಣ ಹಲಗೆಯ ತಣ್ಣನೆಯ ಮೈಯಲ್ಲಿ ಚಳಿಗಾಲವೆಲ್ಲ ಮಂಜಾಗಿ ಕೂಡಿಕೊಳ್ಳಬಹುದು. ವಸಂತದಲ್ಲಿ ಕರಗಿ ಮರವನ್ನು ತೋಯಿಸಬಹುದು. ತೊಯ್ದ ಮರಕ್ಕೆ ಶಿಲೀಂಧ್ರ ಹತ್ತುತ್ತದೆ, ಮರ ಕೊಳೆಯುತ್ತದೆ. ಗೋಡೆಯ ಒಳಗೆ ನಡೆಯುವ ಈ ನಾಶ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ.

ಆದುದರಿಂದ ಕಡುಚಳಿಯ ಪ್ರದೇಶದಲ್ಲಿ ತೆರೆದ ಕೋಶದ ನೊರೆಯನ್ನು ಬಳಸುವುದಾದರೆ ಅದರ ಬೆಚ್ಚನೆಯ ಬದಿಗೆ, ಎಂದರೆ ಒಳಮೈಗೆ, ಆವಿಯನ್ನು ತಡೆಯುವ ಹಾಳೆ ಅಥವಾ ಬಣ್ಣ ಬೇಕು. ಮುಚ್ಚಿದ ಕೋಶದ ನೊರೆಯಾದರೋ ಸುಮಾರು ಎರಡು ಅಂಗುಲ ದಪ್ಪವಿದ್ದರೆ ತಾನೇ ಆವಿಗೆ ತಡೆಯಾಗುತ್ತದೆ. ಅಲ್ಲಿ ಅದಕ್ಕೆ ಕೊಟ್ಟ ಹೆಚ್ಚಿನ ಬೆಲೆ ಸಾರ್ಥಕವಾಗುವುದು ಮುಖ್ಯವಾಗಿ ಈ ಗುಣಕ್ಕಾಗಿ.

ದಕ್ಷಿಣಕ್ಕೆ ಹೋದರೆ ಚಿತ್ರ ತಲೆಕೆಳಗಾಗುತ್ತದೆ. ಟೆಕ್ಸಸ್ಸಿನ ಹ್ಯೂಸ್ಟನ್ ನಗರದ ಬೇಸಗೆ ನಮ್ಮ ಮಂಗಳೂರಿನ ಸೆಕೆಯನ್ನು ನೆನಪಿಗೆ ತರುವಂತಹುದು. ಹೊರಗಣ ಗಾಳಿ 33 ಡಿಗ್ರಿ, ಆರ್ದ್ರತೆ 70 ಶೇಕಡ ಇದ್ದರೆ ಇಬ್ಬನಿ ಬಿಂದು ಸುಮಾರು 27 ಡಿಗ್ರಿ. ಮನೆಯ ಒಳಗನ್ನು ಯಂತ್ರದಿಂದ 24 ಡಿಗ್ರಿಗೆ ತಂಪುಮಾಡಿದ್ದಾರೆ. ಈಗ ನೀರಾವಿಯ ಪಯಣ ಹೊರಗಿನಿಂದ ಒಳಕ್ಕೆ. ಉತ್ತರದಲ್ಲಿ ಮನೆಯನ್ನು ಕಾಪಾಡಿದ ಒಳಮೈಯ ಪ್ಲಾಸ್ಟಿಕ್ ಹಾಳೆಯೇ ಇಲ್ಲಿ ತಣ್ಣೀರಿನ ಲೋಟದಂತೆ ಬೆವರಿ ಗೋಡೆಯನ್ನು ಕೆಡಿಸುವುದು. ಇಂತಹ ಕಡೆ ಗೋಡೆ ಒಳಮುಖವಾಗಿ ಒಣಗಲು ಅವಕಾಶವಿರಬೇಕು. ತೆರೆದ ಕೋಶದ ನೊರೆ ಆ ಅವಕಾಶವನ್ನು ಕೊಡುತ್ತದೆ. ಮಾಡು ಸೋರಿದರೂ ನೀರು ಅದರ ಮೂಲಕ ಇಳಿದು ಕಲೆಯಾಗಿ ತೋರುವುದರಿಂದ ಯಜಮಾನನಿಗೆ ಎಚ್ಚರಿಕೆ ದೊರೆಯುತ್ತದೆ. ಆದರೆ ಗಾಳಿಯಾಡದಂತೆ ಮುಚ್ಚಿದ ಅಟ್ಟದಲ್ಲಿ ಮಾಡಿನ ಒಳಮೈಗೆ ಇದನ್ನು ಸಿಂಪಡಿಸಿದಾಗ ತೇವ ಮೇಲೇರಿ ನೆತ್ತಿಯ ಹತ್ತಿರ ಕೂಡಿಕೊಳ್ಳುವುದುಂಟು. ಅಂತಹ ಅಟ್ಟಕ್ಕೆ ಮನೆಯ ತಂಪುಗಾಳಿಯನ್ನು ಹಾಯಿಸಬೇಕು, ಇಲ್ಲವೆ ತೇವವನ್ನು ತೆಗೆಯುವ ಯಂತ್ರವನ್ನು ಇಡಬೇಕು.

ನೀರು ನೇರವಾಗಿ ತಾಗುವ ಜಾಗಗಳಲ್ಲಿ, ಎಂದರೆ ನೆಲಮಾಳಿಗೆಯ ಗೋಡೆ, ನೆರೆ ಬರುವ ತಗ್ಗು, ಬೆವರುವ ತಗಡಿನ ಚಾವಣಿ ಇಂತಹ ಕಡೆಗಳಲ್ಲಿ, ಮುಚ್ಚಿದ ಕೋಶದ್ದೇ ಸರಿಯಾದುದು. ಕೋಣೆ ಕೋಣೆಗಳ ನಡುವಣ ಗೋಡೆಯಲ್ಲಿ ಶಬ್ದವನ್ನು ಅಡಗಿಸಲು ತೆರೆದ ಕೋಶದ್ದೇ ಸಾಕು. ಬಗೆ ಯಾವುದಾದರೂ ನೊರೆ ಮನೆಯ ಬಿರುಕುಗಳನ್ನೆಲ್ಲ ಮುಚ್ಚುವುದರಿಂದ ಒಳಗಿನ ಕೆಟ್ಟ ಗಾಳಿ ಹೊರಹೋಗಲು ದಾರಿಯಿಲ್ಲದಂತಾಗುತ್ತದೆ. ಆದುದರಿಂದ ಹೀಗೆ ಬಿಗಿಯಾದ ಮನೆಗೆ ಫ್ಯಾನುಗಳ ಮೂಲಕ ಹೊಸ ಗಾಳಿಯನ್ನು ತರುವ ಏರ್ಪಾಡು ಅಗತ್ಯ.

ಆರೋಗ್ಯ, ಬೆಂಕಿ, ವಾಯುಮಂಡಲ

ಐಸೊಸಯನೇಟ್ ಎಂಬ ಹೆಸರು ಭಾರತೀಯರಿಗೆ ಅಪರಿಚಿತವಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸಾವಿರಾರು ಜನರ ಪ್ರಾಣವನ್ನು ತೆಗೆದ ಮೀಥೈಲ್ ಐಸೊಸಯನೇಟ್ ಇದೇ ಕುಲಕ್ಕೆ ಸೇರಿದುದು. ನೊರೆಗೆ ಬಳಸುವುದು ಅದಲ್ಲ. ಇದರ ಅಣು ಬಹಳ ದೊಡ್ಡದು, ಸಾಧಾರಣ ಉಷ್ಣತೆಯಲ್ಲಿ ಆವಿಯಾಗುವುದು ಅತ್ಯಲ್ಪ. ಆದರೂ ಬಿಸಿಮಾಡಿ ಸಿಂಪಡಿಸುವಾಗ ಏಳುವ ತುಂತುರು ಶ್ವಾಸಕೋಶವನ್ನು ಸೇರಿದರೆ ಅಪಾಯವಿದೆ. ಒಮ್ಮೆ ಇದರಿಂದ ಆಸ್ತಮ ಬಂದವರಿಗೆ ಮುಂದೆ ಅತ್ಯಲ್ಪ ಪ್ರಮಾಣವೂ ತಡೆಯದಂತಾಗಬಹುದು. ಆದುದರಿಂದ ಕೆಲಸಗಾರರು ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡವನ್ನು ಧರಿಸಬೇಕು. ಮನೆಯವರು ಸಾಮಾನ್ಯವಾಗಿ ಕನಿಷ್ಠಪಕ್ಷ 24 ಗಂಟೆಗಳ ಕಾಲ ಹೊರಗಿರಬೇಕು. ಎರಡು ದ್ರವಗಳ ಪ್ರಮಾಣವಾಗಲಿ ಬಿಸಿಯಾಗಲಿ ತಪ್ಪಿದರೆ ಕ್ರಿಯೆ ಅಪೂರ್ಣವಾಗಿ ಉಳಿದು, ನೊರೆ ಸುಕ್ಕುಗಟ್ಟಿ, ದುರ್ವಾಸನೆ ದೀರ್ಘಕಾಲ ಉಳಿಯುವುದುಂಟು. ಸಾಮಗ್ರಿಯ ಗುಣದಷ್ಟೇ ಕೈಯ ಕೌಶಲವೂ ಇಲ್ಲಿ ಮುಖ್ಯ.

ನೊರೆ ಹುಟ್ಟುವಾಗ ಶಾಖವೂ ಹುಟ್ಟುತ್ತದೆ. ಮುಚ್ಚಿದ ಕೋಶದ್ದನ್ನು ಒಮ್ಮೆಗೇ ತೀರ ದಪ್ಪವಾಗಿ ಬಳಿದರೆ ಆ ಶಾಖ ಹೊರಬರಲಾರದೆ ಒಳಗೇ ಸುಟ್ಟು ಕರಕಾಗುವುದು, ಬೆಂಕಿ ಹತ್ತುವುದೂ ಉಂಟು. ಆದುದರಿಂದ ಹಲವು ಬಗೆಗಳನ್ನು ಸುಮಾರು ಎರಡು ಅಂಗುಲದ ಪದರಗಳಾಗಿ, ಒಂದೊಂದೂ ತಣಿದ ಮೇಲೆ ಇನ್ನೊಂದನ್ನು ಬಳಿಯಬೇಕು. ಗಟ್ಟಿಯಾದ ನೊರೆಯೂ ಉರಿಯಬಲ್ಲುದೇ. ಅಮೆರಿಕದ ಕಟ್ಟಡ ನಿಯಮಗಳಂತೆ ವಾಸದ ಕೋಣೆಗೂ ನೊರೆಗೂ ನಡುವೆ ಅರ್ಧ ಅಂಗುಲದ ಜಿಪ್ಸಮ್ ಹಲಗೆ ಅಥವಾ ಅದಕ್ಕೆ ಸಮನಾದ ತಡೆ ಇರಬೇಕು.

ಮುಚ್ಚಿದ ಕೋಶದ ಅನಿಲಕ್ಕೂ ಒಂದು ಚರಿತ್ರೆಯುಂಟು. ಮೊದಮೊದಲು ಅದು ಕ್ಲೋರೊಫ್ಲೂರೊಕಾರ್ಬನ್ ಆಗಿತ್ತು. ಅದು ವಾಯುಮಂಡಲದ ಓಜೋನ್ ಪದರವನ್ನು ನಾಶಮಾಡಬಲ್ಲುದೆಂದು 1974ರಲ್ಲಿ ಮೊಲಿನ ಮತ್ತು ರೋಲೆಂಡ್ ತೋರಿಸಿದರು; 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಕ್ರಮವಾಗಿ ಹಿಂದೆಗೆಯಿತು. ಅದರ ಸ್ಥಾನಕ್ಕೆ ಬಂದ ಎಚ್‌ಸಿಎಫ್‌ಸಿ-141ಬಿ ಎಂಬುದು ಓಜೋನಿಗೆ ಕಡಮೆ ಹಾನಿಕರ. ನಮ್ಮ ದೇಶ ಅದರ ಬಳಕೆಯನ್ನೂ 2020ರ ಜನವರಿ 1ರಿಂದ ಕೊನೆಗಾಣಿಸಿತು. ಮುಂದೆ ಬಂದ ಎಚ್‌ಎಫ್‌ಸಿ ಅನಿಲಗಳು ಓಜೋನನ್ನು ಮುಟ್ಟವು. ಆದರೆ ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಒಂದು ಭೂಮಿಯನ್ನು ಬಿಸಿಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ಸಾವಿರ ಪಟ್ಟು ಬಲವುಳ್ಳದ್ದು. ಈಚಿನ ಎಚ್‌ಎಫ್‌ಒ ಎಂಬವು ಈ ದೋಷದಿಂದ ಬಹುಮಟ್ಟಿಗೆ ಪಾರಾಗಿವೆ. ಮುಚ್ಚಿದ ಕೋಶದ್ದನ್ನು ಕೊಳ್ಳುವವನು ಒಳಗಿನ ಅನಿಲ ಯಾವುದೆಂದು ಕೇಳುವುದು ಯುಕ್ತ.

ಕಾಣದ ಮರದ ಪಾಠ

ಬ್ರಿಟನ್ನಿನ ಹಳೆಯ ಮನೆಗಳ ಮಾಡು ನಮ್ಮ ಹಂಚಿನ ಮಾಡಿನ ನೆಂಟ. ಪಕಾಸು, ರೀಪು, ಅವುಗಳ ಮೇಲೆ ಹಂಚು ಅಥವಾ ಸ್ಲೇಟಿನ ಹೊದಿಕೆ. ಸಂದುಗಳ ಮೂಲಕ ಗಾಳಿಯಾಡಿ ಮರ ಒಣಗುತ್ತಿತ್ತು. ಇಂಧನವನ್ನು ಉಳಿಸುವ ಉದ್ದೇಶದಿಂದ ಇಂತಹ ಅನೇಕ ಮಾಡುಗಳ ಒಳಮೈಗೆ ನೊರೆಯನ್ನು ಸಿಂಪಡಿಸಿದರು. ಮನೆ ಬೆಚ್ಚಗಾಯಿತು. ಆದರೆ ಗಾಳಿಯ ದಾರಿ ಮುಚ್ಚಿತು, ಪಕಾಸುಗಳು ನೊರೆಯಲ್ಲಿ ಹುದುಗಿ ಕಾಣದಾದುವು. ಮನೆಯನ್ನು ಮಾರಹೊರಟಾಗ ಪರೀಕ್ಷಕರು ಬಂದು, ಮರ ಗಟ್ಟಿಯಾಗಿದೆಯೋ ಕೊಳೆತಿದೆಯೋ ನೋಡಲಾಗುತ್ತಿಲ್ಲವೆಂದರು. ಸಾಲ ಕೊಡುವ ಸಂಸ್ಥೆಗಳಲ್ಲಿ ಕೆಲವು ಅಂತಹ ಮನೆಗಳ ಮೇಲೆ ಸಾಲ ಕೊಡಲು ನಿರಾಕರಿಸಿದುವು. ಜೀವಮಾನದ ಉಳಿತಾಯವೆಲ್ಲ ಮನೆಯಲ್ಲಿಯೇ ಇರುವ ವೃದ್ಧರು, ಹಣ ಕೊಟ್ಟು ಬಳಿಸಿದ ನೊರೆಯನ್ನು ಮತ್ತೆ ಹಣ ಕೊಟ್ಟು ಕೀಳಿಸಬೇಕಾಯಿತು. ಇಲ್ಲಿ ಎಲ್ಲ ಮರವೂ ಕೊಳೆತಿರಲಿಲ್ಲ; ನೋಡಲಾಗದಂತೆ ಮಾಡಿದ್ದೇ ಸಾಕಷ್ಟು ದೊಡ್ಡ ತಪ್ಪಾಯಿತು.

ಆದುದರಿಂದ ನೊರೆಯನ್ನು ಆರಿಸುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿಗೆ ಒಂದು ಕ್ರಮವುಂಟು. ಈ ಗೋಡೆಗೆ ಅಥವಾ ಮಾಡಿಗೆ ನೀರು ಎಲ್ಲಿಂದ ಬರುವುದು? ವರ್ಷದ ಹೆಚ್ಚು ಕಾಲ ನೀರಾವಿ ಯಾವ ಕಡೆಯಿಂದ ಯಾವ ಕಡೆಗೆ ಸಾಗುವುದು? ಒಂದು ವೇಳೆ ಮರ ನೆನೆದರೆ ಯಾವ ಕಡೆಗೆ ಒಣಗೀತು? ಕೆಟ್ಟರೆ ಅದು ನಮಗೆ ಕಾಣುವುದೆ? ಇವುಗಳಿಗೆ ಉತ್ತರ ದೊರೆತ ಮೇಲೆಯೇ ಆರ್-ಮೌಲ್ಯದ ಮತ್ತು ಬೆಲೆಯ ಮಾತು. ಕಡುಚಳಿಯ ನಾಡಿಗೆ, ಕಿರಿದಾದ ಟೊಳ್ಳಿಗೆ, ನೀರು ತಾಗುವ ಜಾಗಕ್ಕೆ ಸಾಮಾನ್ಯವಾಗಿ ಮುಚ್ಚಿದ ಕೋಶ. ಬೆಚ್ಚನೆಯ ನಾಡಿಗೆ, ಒಣಗಬೇಕಾದ ಗೋಡೆಗೆ, ಶಬ್ದವನ್ನು ತಡೆಯಬೇಕಾದ ಕಡೆಗೆ ಸಾಮಾನ್ಯವಾಗಿ ತೆರೆದ ಕೋಶ. ಗಾಳಿಯಾಡಲೆಂದೇ ಕಟ್ಟಿದ ಹಳೆಯ ಮಾಡಿಗೆ, ತಿಳಿದವರು ಪರೀಕ್ಷಿಸಿ ಒಪ್ಪುವವರೆಗೆ, ಎರಡೂ ಬೇಡ.

ನಮ್ಮಲ್ಲಿ ಕಿಟಕಿ ತೆರೆದಿಟ್ಟು ಬಾಳುವ ಇಟ್ಟಿಗೆಯ ಮನೆಗಳಿಗೆ ಈ ನೊರೆಯ ಅಗತ್ಯ ಬೀಳುವುದು ವಿರಳ. ಆದರೆ ಪಾಲಿಯುರಿಥೇನ್ ನೊರೆ ನಮ್ಮ ಮನೆಗಳನ್ನು ಆಗಲೇ ಹೊಕ್ಕಿದೆ: ತಂಗಳು ಪೆಟ್ಟಿಗೆಯ ಒಳ ಹೊರ ಗೋಡೆಗಳ ನಡುವೆ ಇರುವುದು ಅದೇ. ಅಲ್ಲಿ ಮುಚ್ಚಿದ ಕೋಶದ್ದನ್ನೇ ಏಕೆ ತುಂಬಿದ್ದಾರೆಂಬುದನ್ನು, ನೀರಾವಿಯ ದಾರಿ ಅಲ್ಲಿ ಯಾವ ಕಡೆಗೆ ಎಂಬುದರಿಂದ ಹೊರಟು, ವಿದ್ಯಾರ್ಥಿಗಳು ತಾವೇ ಯೋಚಿಸಿ ಹೇಳಬಹುದು.